ತೂಬಿನ ಸ್ಲೇಟು

ಅಪ್ಪ,

ತೀರ್ಥರೂಪರಿಗೆ ಅಂತ ಶುರು ಮಾಡಿದ್ರೆ ನೀನು ನಗ್ತಿದ್ದೆ, ಅದಕ್ಕೇ ಬರೀ ಅಪ್ಪ ಅಂತ ಬರ್ದಿದೀನಿ. ನಿನ್ನ ಮಗಳು ಜಯ. ಜಗಳ ಆಡೋಕೇ ಕೂತಿದೀನಿ, ಮೊದಲೇ ಹೇಳ್ಬುಡ್ತೀನಿ. ನೀನು ಹೋಗಿ ಮೂರು ವರ್ಷ ಆಯ್ತು, ಸತ್ತೋರ ಹತ್ರ ಎಂಥಾ ಜಗಳ ಅಂತ ಅಮ್ಮ ಇದ್ದಿದ್ರೆ ಬೈತಿದ್ಲು. ಬದುಕಿದ್ದಾಗ ಆಡೋಕೆ ಬಿಟ್ಟಿದ್ದೆಯಾ ನೀನು? ನಾನು ಬಾಯಿ ತೆಗೆದ್ರೆ ಸಾಕು, ಟವಲ್ಲು ಕೊಡವಿ ಹೆಗಲಿಗೆ ಹಾಕ್ಕೊಂಡು ನಾಲೆ ಕಡೆ ಹೊರಟುಬುಡ್ತಿದ್ದೆ. ಈಗ ಎಲ್ಲಿಗೆ ಹೋಗ್ತೀಯ? ಪೂರ್ತಿ ಓದು.

ನಾನು ಕೆ.ಆರ್.ಪೇಟೆಯಿಂದ ಟ್ರಂಕು ಹಿಡ್ಕೊಂಡು ವಾಪಸ್ ಬಂದ ದಿನ ನಿಂಗೆ ನೆನಪಿದೆಯಲ್ಲ. ಗಂಡನ ಮನೆ ಬಿಟ್ಟು ಬಂದವಳನ್ನ ನೋಡೋಕೆ ಇಡೀ ಬೀದಿ ಜಗಲಿ ಮೇಲೆ ಕೂತಿತ್ತು. ನೀನು ಯಾಕೆ ಬಂದೆ ಅಂತ ಕೇಳಲಿಲ್ಲ. ರಸ್ತೆ ಕಡೆಗಿರೋ ಮುಂದಿನ ರೂಮಲ್ಲಿದ್ದ ಭತ್ತದ ಮೂಟೆಗಳನ್ನ ಒಂದೊಂದೇ ಒಳಗೆ ಸಾಗಿಸಿದೆ, ನೆಲ ಗುಡಿಸಿದೆ. 'ಈ ರೂಮು ನಿಂದು ಕಣ್ ಮಗ, ಏನಾರ ಮಾಡ್ಕೊ' ಅಂದೆ. ಅಷ್ಟೇ. ಅಣ್ಣನನ್ನ ಕರೆದು ಅವನ ಮುಂದೆ ಹೇಳಲಿಲ್ಲ, ಒಂದು ಚೀಟಿಯಲ್ಲಿ ಬರೆದೂ ಇಡಲಿಲ್ಲ. ಆ ಮಾತು ಕೇಳಿಸ್ಕೊಂಡಿದ್ದು ನಾನು, ಇನ್ನೊಂದು ಆ ಗೋಡೆ. ಆ ರೂಮಲ್ಲಿ ಮೊದಲು ಒಂದು ಟೈಪ್‌ರೈಟರ್ ಇಟ್ಟೆ, ಆಮೇಲೆ ಕಂಪ್ಯೂಟರ್ ತಂದೆ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಶಾಲೆ ಪ್ರಶ್ನೆಪತ್ರಿಕೆ, ಏನೇ ಇದ್ರೂ ಸುತ್ತಮುತ್ತಲಿನೋರು ಪಾಂಡವಪುರದ ಬಸ್ಸಿಳಿದು ನಮ್ಮನೆಗೇ ಬರ್ತಾರೆ ಈಗ. ನಮ್ಮ ಜಗಳ ಆ ರೂಮಿಂದು.

ನಾನಿನ್ನೂ ಚಿಕ್ಕವಳಿದ್ದಾಗ ನೀನೊಂದ್ಸಲ ನಾಗಮಂಗಲದ ಕಡೆ ಸಾವಿಗೆ ಹೋಗಿದ್ದೆ, ಆ ದಿನದಿಂದ ಶುರು ಮಾಡ್ತೀನಿ. ಮೂವತ್ತು ವರ್ಷ ನೀರುಗಂಟಿ ಆಗಿದ್ದೋನು ನೀನು, ನಾಲೆಯ ತೂಬು ಎತ್ತೋದು ಇಳಿಸೋದೇ ನಿನ್ನ ಕೆಲಸ. ಹಿಂದಿನ ದಿನ ನಿನ್ನ ಜೊತೆ ಆಳು ಕಾಳಣ್ಣನಿಗೆ 'ಬೆಳಿಗ್ಗೆ ಬಂದು ಚಕ್ರ ಆರು ಸುತ್ತು ಎತ್ತುಬುಡ್ಲಾ' ಅಂದಿದ್ದೆ. ಬೆಳಿಗ್ಗೆ ಬಸ್ಸಿಗೆ ಹೋಗ್ತಾ ನಿಂಗೇ ಮನಸ್ಸು ತಡೀಲಿಲ್ಲ, ನೀನೇ ಆರು ಸುತ್ತು ಎತ್ತಿ ಹೋದೆ. ಕಾಳಣ್ಣ ಬಂದ, ಹೇಳಿದ ಮಾತಿಗೆ ತಪ್ಪದ ಮನುಷ್ಯ, ತಾನೂ ಆರು ಸುತ್ತು ಎತ್ತಿದ. ನೀನು ಸಂಜೆ ಬರೋ ಹೊತ್ತಿಗೆ ಗದ್ದೆ ಬದು ಒಡೆದು, ಹಿಂದಿನ ದಿನ ತಾನೇ ನಾಟಿ ಹಾಕಿದ್ದ ಪೈರು ನೀರಿನ ಮೇಲೆ ತೇಲ್ತಿತ್ತು. ಗದ್ದೆಯವರು ನಮ್ಮ ಬಾಗಿಲಿಗೆ ಬಂದು ಬೈದ ಬೈಗಳು ನಂಗೆ ಇವತ್ತಿಗೂ ಬಾಯಿಪಾಠ. ಕಾಳಣ್ಣ ತಲೆ ಬಗ್ಗಿಸ್ಕೊಂಡು 'ನೀನೇ ಆರು ಅಂದಿದ್ದೆಯಲ್ಲಣ್ಣ' ಅಂದ.

ಮಾರನೇ ದಿನ ನೀನು ಪಾಂಡವಪುರದ ಸಂತೆಯಿಂದ ಒಂದು ಸ್ಲೇಟು, ಒಂದು ಡಬ್ಬಿ ಕೆಂಪು ಬಣ್ಣ ತಂದೆ. ನಮ್ಮೂರಿನದು, ನಾಲೆ ಕೆಳಗಿನ ಕೊಪ್ಪಲಿನದು, ಎರಡೂ ತೂಬಿನ ಕಂಬಿ ಮೇಲೆ ಕೆಳಗಿಂದ ಮೇಲಕ್ಕೆ ಅಡ್ಡಗೆರೆ ಬಳಿದೆ. ಅಲ್ಲೇ ನೇತುಹಾಕಿದ ಸ್ಲೇಟಿನ ಮೇಲೆ ಬರೆದಿದ್ದು ಎರಡೇ ಸಾಲು. ಊರ ತೂಬು ಮೂರನೇ ಗೆರೆಗಿರಲಿ. ಕೊಪ್ಪಲ ತೂಬು ಎರಡನೇ ಗೆರೆಗಿರಲಿ. ನಾನು ನಿಂಗೆ ಬುತ್ತಿ ತಂದಿದ್ದೆ, ಏರಿ ಮೇಲೆ ನಿಂತು ನೋಡ್ತಿದ್ದೆ. ಕಾಳಣ್ಣ ಕೇಳಿದ, 'ಅಲ್ಲಣ್ಣ, ಎಷ್ಟ್ ಸುತ್ತು ಅಂತ ಬರ್ದೇ ಇಲ್ವಲ್ಲ?' ನೀನಂದೆ, 'ಸುತ್ತು ಕಟ್ಕೊಂಡು ಏನ್ ಮಾಡೀಯೆ? ತೂಬು ಎಲ್ಲಿರ್ಬೇಕು ಅಂತ ಬರ್ದಿವ್ನಿ. ಯಾರ್ ಬೇಕಾದ್ರೂ ಬರ್ಲಿ, ಯಾವಾಗ್ ಬೇಕಾದ್ರೂ ಬರ್ಲಿ, ಹತ್ಸಲ ಬರ್ಲಿ. ನೋಡ್ಲಿ, ಗೆರೆಗೆ ತಂದು ನಿಲ್ಸ್ಲಿ, ಓಗ್ಲಿ. ಮೊದ್ಲೇ ಗೆರೆಗಿದ್ರೆ ಸುಮ್ನೆ ಬೀಡಿ ಸೇದ್ಕೊಂಡ್ ಓಗ್ಲಿ.' ಈ ಮಾತು ನೀನು ಇನ್ಯಾವತ್ತೂ ಆಡಿದ್ದು ನಾನು ಕೇಳಿಲ್ಲ. ಒಂದೇ ಸಲ ಸಾಕಾಯ್ತು.

ಅದೇ ದಿನ ನಾನು ಬುತ್ತಿ ಇಟ್ಟು, ಗೆರೆ ಹತ್ತಿರದಿಂದ ನೋಡೋಣ ಅಂತ ತೂಬಿನ ಕಟ್ಟೆ ಮೇಲೆ ಒಂದು ಕಾಲಿಟ್ಟೆ. ನೀನು ರಟ್ಟೆ ಹಿಡಿದು ಕೆಳಕ್ಕೆ ಎಳೆದೆ. 'ಎಣ್ಮಕ್ಳು ತೂಬು ಮುಟ್ಟಬಾರ್ದು, ಗಂಗಮ್ಮ ಮುನಿಸ್ಕತಾಳೆ.' ಪೂಜೆ ಮಾಡೋವಾಗಲೂ ಹೆಂಗಸರು ಏರಿ ಮೇಲೇ ನಿಂತು ಅರಿಶಿನ ಕುಂಕುಮ ಹಾಕಬೇಕು, ಚಕ್ರ ಮುಟ್ಟೋದು ಗಂಡಸರೇ. ನಮ್ಮ ಕಡೆ ಅದೇ ಪದ್ಧತಿ, ಗೊತ್ತು ಬುಡು. ಆದ್ರೆ ಅಪ್ಪ, ಯಾರ್ ಬೇಕಾದ್ರೂ ಅಂದೋನು ನೀನೇ ತಾನೇ? ಆ ಯಾರ್ ಬೇಕಾದ್ರೂ ಒಳಗೆ ನಾನು ಯಾಕೆ ಬರಲಿಲ್ಲ? ಆವತ್ತು ಕೇಳಬೇಕಿತ್ತು. ರಟ್ಟೆ ನೋಯ್ತಿತ್ತು, ಬುತ್ತಿ ಪಾತ್ರೆ ಎತ್ಕೊಂಡು ಮನೆಗೆ ಬಂದೆ.

ನಿಂಗೆ ಗೊತ್ತಿಲ್ಲದ ವಿಷಯಕ್ಕೆ ಬರ್ತೀನಿ. ಕಳೆದ ವರ್ಷ ಮೈಸೂರಿನ ಹಳೇ ಸಾಮಾನಿನ ಅಂಗಡಿಯಿಂದ ಇನ್ನೊಂದು ಕಂಪ್ಯೂಟರ್ ತಂದೆ. ಹಳೇದು, ತುಂಬಾ ನಿಧಾನ, ಡಬ್ಬದ ಒಂದು ಪಕ್ಕದ ತಗಡೇ ಇಲ್ಲ. ಅದನ್ನ ಕಡತ ಇಡೋ ಮಿಷನ್ನು ಮಾಡಬೇಕು ಅಂತ ನನ್ನ ಹಟ. ಅಷ್ಟೊತ್ತಿಗೆ ನಮ್ಮ ಪದ್ಮತ್ತಿಗೆ ಕೂಡ ನನ್ನ ಪಕ್ಕ ಕೂತು ಟೈಪು ಕಲ್ತಿದ್ರು, ಅವರಿಗೂ ಒಂದು ಕಂಪ್ಯೂಟರ್ ಇಟ್ಟಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದ ನಿನ್ನ ಸೊಸೆ ಕಣಪ್ಪ, ಈಗ ನನಗಿಂತ ತಪ್ಪು ಕಮ್ಮಿ. ನನ್ನ ಮಿಷನ್ನಲ್ಲಿರೋ ಕೆಲಸ ಅವರಿಗೆ ಬೇಕು ಅಂದ್ರೆ ಫ್ಲಾಪಿಗೆ ಹಾಕಿ ಕೊಡಬೇಕು, ಅವರು ತಿದ್ದಿದ್ದು ಒಂದು, ನಾನು ತಿದ್ದಿದ್ದು ಒಂದು, ಕೊನೆಗೆ ಲಗ್ನಪತ್ರಿಕೆಯಲ್ಲಿ ಹಳೇ ಮುಹೂರ್ತವೇ ಅಚ್ಚಾಗಿ ಬಂದು ಮರ್ಯಾದೆ ಹೋಗಿತ್ತು. ಮೂರೂ ಮಿಷನ್ನಿಗೆ ಒಂದೇ ತಂತಿ ಎಳೆದು, ಕಡತವೆಲ್ಲ ಆ ಹಳೇ ಡಬ್ಬದೊಳಗೇ ಇರೋ ಹಾಗೆ ಮಾಡೋದು ನನ್ನ ಯೋಚನೆ. ಅಲ್ಲಿಂದ ತಗೋ, ಕೆಲಸ ಮಾಡು, ಅಲ್ಲೇ ಇಡು. ಅದಕ್ಕೆ ಲಿನಕ್ಸ್ ಅಂತ ಮಿಷನ್ನು ನಡೆಸೋ ಒಂದು ವ್ಯವಸ್ಥೆ ಬೇಕು, ಕಂಪ್ಯೂಟರ್ ಪತ್ರಿಕೆ ಜೊತೆ ಸಿ.ಡಿ.ಯಲ್ಲಿ ಬಂದಿತ್ತು. ಅಂಗಡಿಯವನು ನಕ್ಕ. 'ಮೇಡಂ, ಅದು ಇಂಜಿನಿಯರ್‌ಗಳು ಮಾಡೋದು, ನಿಮಗ್ಯಾಕೆ' ಅಂದ. ಎಲ್ಲರ ಬಾಯಲ್ಲೂ ಅದೇ ನಿಮಗ್ಯಾಕೆ. ಡಿಕ್ಷನರಿ ಪಕ್ಕಕ್ಕಿಟ್ಕೊಂಡು ಒಂದು ತಿಂಗಳು ಆ ಪತ್ರಿಕೆ ಓದಿದೆ.

ಮೊದಲನೇ ಸಲ ಅದು ಎದ್ದು ನಿಂತ ದಿನ ನನಗೆ ಬಂದಿದ್ದ ಜಂಬ ನೀನು ನೋಡಬೇಕಿತ್ತು. ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಮೊದಲು ಇದು ಒತ್ತು, ಆಮೇಲೆ ಇದು ಬರಿ, ಆಮೇಲೆ ಈ ಕಡತಗಳನ್ನ ಅಲ್ಲಿಂದ ಇಲ್ಲಿಗೆ ಸಾಗಿಸು, ಹೀಗೇ ಮೂವತ್ತು ಚಿಲ್ಲರೆ ಸಾಲು. ಮಿಷನ್ನು ಕೆಟ್ಟಾಗೆಲ್ಲ ಪುಸ್ತಕ ತೆಗೆದು ಮೊದಲಿಂದ ಮಾಡ್ತಾ ಬರೋದು. ಒಂದು ಮಧ್ಯಾಹ್ನ ಅರ್ಧ ಮಾಡಿದ್ದೆ, ಕರೆಂಟು ಹೋಯ್ತು. ನಮ್ಮೂರ ಕರೆಂಟು ನಿಂಗೆ ಗೊತ್ತಲ್ಲ. ತಿರುಗಿ ಬಂದಾಗ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಮರೆತಿತ್ತು. ಅಂದಾಜಿಗೆ ಒಂದು ಸಾಲು ಹಿಡಿದು ಅಲ್ಲಿಂದ ಮತ್ತೆ ಶುರು ಮಾಡಿದೆ. ಕಡತ ಸಾಗಿಸೋ ಸಾಲು ಎರಡನೇ ಸಲ ನಡೆದುಹೋಯ್ತು. ಮೊದಲ ಸಲಕ್ಕೇ ಹಳೇ ಜಾಗ ಖಾಲಿಯಾಗಿತ್ತು, ಎರಡನೇ ಸಲಕ್ಕೆ ಆ ಖಾಲಿ ಬಂದು ತುಂಬಿದ ಜಾಗದ ಮೇಲೆ ಕೂತಿತು. ನಾಲ್ಕು ಶಾಲೆಯ ಅರ್ಧವಾರ್ಷಿಕ ಪ್ರಶ್ನೆಪತ್ರಿಕೆ, ಎಲ್ಲಾ ಹೋಯ್ತು.

ಖಾಲಿ ಪರದೆ ಮುಂದೆ ಕೂತಿದ್ದಾಗ ನಂಗೆ ಕಂಡಿದ್ದು ತೇಲ್ತಿದ್ದ ಪೈರು. ಕಾಳಣ್ಣನ ಆರು ಸುತ್ತು, ನಿನ್ನ ಆರು ಸುತ್ತು. ನಿನ್ನ ಮಗಳಾಗಿ, ನಿನ್ನ ಸ್ಲೇಟು ನೋಡಿ ಬೆಳೆದವಳಾಗಿ, ನಾನು ಸುತ್ತು ಎಣಿಸಿ ಬರೆದಿದ್ದೆ. ನಾಚಿಕೆ ಆಯ್ತು ಅಪ್ಪ. ಅತ್ತಿಗೆ ಜೊತೆ ಹಗಲೆಲ್ಲ ಕೂತು ಪ್ರಶ್ನೆಪತ್ರಿಕೆ ಎಲ್ಲಾ ತಿರುಗಿ ಟೈಪು ಮಾಡಿ ಮುಗಿಸಿದೆವು, ಮೇಷ್ಟ್ರುಗಳ ಹತ್ರ ಬೈಸ್ಕೊಂಡಿದ್ದೂ ಆಯ್ತು. ಆದ್ರೆ ಅಣ್ಣನಿಗೆ ಅದೇ ಬೇಕಾಗಿತ್ತು.

ಅಣ್ಣ ಬಾಗಿಲಲ್ಲಿ ನಿಂತು ಮಾತು ತೆಗೆದ ದಿನ ಹೇಳ್ತೀನಿ. ರೂಮನ್ನ ಗೊಬ್ಬರದ ಅಂಗಡಿಗೆ ಬಾಡಿಗೆಗೆ ಕೊಡ್ತೀನಿ ಅಂದ, ಕೇಳೋಕೆ ಜನ ಬಂದವ್ರೆ ಅಂದ. 'ನೋಡು ಜಯ, ನಿಂಗೆ ಬ್ಯಾಡ ಅಂತ ನಾನಂದಿಲ್ಲ. ನೀನು ಇದ್ರೆ ನಡೀತದೆ, ನಾಳೆ ನೀನು ಜ್ವರ ಬಂದ್ ಮಲಿಕ್ಕಂಡ್ರೆ? ಆ ಡಬ್ಬದೊಳಗಿರೋದ್ನ ಯಾರವ್ವ ತೆಗ್ಯೋರು? ಎರಡ್ ಸಾವಿರದ ಇಸ್ವಿ ಬಂದ್ರೆ ಕಂಪ್ಯೂಟ್ರೆಲ್ಲ ನಿಂತೋಯ್ತವಂತೆ ಬ್ಯಾರೆ.' ನಾನು ಹೇಳಿದೆ, 'ಅಪ್ಪ ಈ ರೂಮು ನಂಗೆ ಅಂದವ್ನೆ.' 'ಎಲ್ಲಿ ಬರ್ದವ್ನೆ, ತೋರ್ಸು' ಅಂದ. ಏನು ತೋರಿಸ್ಲಿ? ತೂಬು ಎಲ್ಲಿರಬೇಕು ಅಂತ ಬರೆದೆ ನೀನು, ಮಗಳು ಎಲ್ಲಿರಬೇಕು ಅಂತ ಬರೀಲಿಲ್ಲ. ನಿನ್ನ ಮೇಲೆ ನನಗಿರೋ ಸಿಟ್ಟು ಇದೇ, ಬೇರೆ ಏನೂ ಅಲ್ಲ. ವರ್ಷಗಟ್ಟಲೆ ಊರ ಗದ್ದೆಗೆಲ್ಲ ಬರೆದಿಟ್ಟ ಕೈಗೆ ಒಂದು ಸಾಲು ಹೆಚ್ಚಾಯ್ತಾ?

ಅತ್ತರೆ ಅಣ್ಣನಿಗೆ ಅಯ್ಯೋ ಅನ್ನಿಸ್ತಿತ್ತೇನೋ, ನಾನು ಅಳಲಿಲ್ಲ. 'ನಾನಿಲ್ದೆ ನಡೆದ್ರೆ?' ಅಂದೆ. ಅವನು ನಕ್ಕ. 'ನೀನಿಲ್ದೆ, ಫೋನೂ ಮಾಡ್ದೆ, ಮೂರ್ ದಿನ ನಡೆದ್ರೆ ರೂಮಿನ್ ತಂಟೆಗೇ ಬರಾಕಿಲ್ಲ ಬುಡು' ಅಂದ. ಅತ್ತಿಗೆ ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡ್ರು. ಅವರೇ ಸಾಕ್ಷಿ.

ಆವತ್ತೇ ಆ ಮೂವತ್ತು ಚಿಲ್ಲರೆ ಸಾಲಿನ ನೋಟ್‌ಬುಕ್ಕನ್ನ ಮಡಚಿ ಇಟ್ಟೆ. ಲಿನಕ್ಸಿನಲ್ಲಿ ಒಂದು ಸೌಕರ್ಯ ಇದೆ ಅಪ್ಪ, ನಿಂಗೆ ಅಂತಲೇ ಮಾಡಿಟ್ಟ ಹಾಗಿದೆ. ಮಿಷನ್ನು ಹೇಗಿರಬೇಕು ಅಂತ ಎಲ್ಲಾ ಒಂದೇ ಕಡತದಲ್ಲಿ ಬರೆದು ಫ್ಲಾಪಿಗೆ ಹಾಕೋದು. ಫ್ಲಾಪಿ, ಸಿ.ಡಿ. ಎರಡೂ ಹಾಕಿ ಸ್ವಿಚ್ಚು ಒತ್ತಿದ್ರೆ ಅದು ಓದ್ಕೊಂಡು ತಾನೇ ಹಾಗಾಗುತ್ತೆ. ಡಬ್ಬದೊಳಗೆ ಎರಡು ಡಿಸ್ಕು, ನಾನು ಬರೆದಿದ್ದು ಹೀಗೆ. ಮೊದಲನೇ ಡಿಸ್ಕಿನಲ್ಲಿ ವ್ಯವಸ್ಥೆ ಇರಲಿ. ಎರಡನೇ ಡಿಸ್ಕಿನಲ್ಲಿ ಕಡತಗಳಿವೆ, ಅದು ಇದ್ದ ಹಾಗೇ ಇರಲಿ. ಜಯಂಗೆ ಒಂದು ಹೆಸರು ಇರಲಿ, ಪದ್ಮತ್ತಿಗೆಗೆ ಒಂದು ಹೆಸರು ಇರಲಿ. ಇಬ್ಬರೂ ನೋಡೋ ಜಾಗ ಒಂದೇ ಇರಲಿ. ಹಾಗೆ ಮಾಡು ಹೀಗೆ ಮಾಡು ಅನ್ನೋ ಸಾಲು ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಹೊಡೆದು ಹಾಕಿದೆ, ಹೀಗಿರಲಿ ಅಂತ ಬರೆದೆ. ಎಷ್ಟು ಸಲ ತಪ್ಪಿತು ಅಂತ ಕೇಳಬೇಡ. ಆದಿಚುಂಚನಗಿರಿ ಕಡೆಯ ಕಾಲೇಜಲ್ಲಿ ಪಾಠ ಮಾಡೋ ಒಬ್ಬ ಮೇಡಂ ಇದಾರೆ, ಬಸ್ಸಲ್ಲಿ ಪರಿಚಯ, ಅರ್ಥವಾಗದ ಎರಡು ಮಾತು ಅವರು ಬಿಡಿಸಿ ಹೇಳಿದ್ರು. ಉಳಿದಿದ್ದೆಲ್ಲ ನನ್ನ ಹಟ.

ಕೆ.ಆರ್.ಪೇಟೆ ಕೋರ್ಟಲ್ಲಿ ನನ್ನ ಡೈವೋರ್ಸಿನ ಕೊನೇ ಸಹಿ ಇತ್ತು, ಮೂರು ದಿನದ ಓಡಾಟ, ಅದಕ್ಕೆ ಹೊರಟ ಬೆಳಿಗ್ಗೇನೇ ಆರಿಸ್ಕೊಂಡೆ. ಅಣ್ಣನನ್ನ ಕರೆದು ಅವನ ಕಣ್ಣ ಮುಂದೇನೇ ಮೊದಲನೇ ಡಿಸ್ಕು ಬಿಚ್ಚಿ ನನ್ನ ಕೈಚೀಲಕ್ಕೆ ಹಾಕ್ಕೊಂಡೆ. ಅದರ ಜಾಗಕ್ಕೆ ಖಾಲಿ ಡಿಸ್ಕು ಕೂರಿಸಿ ಸ್ಕ್ರೂ ಬಿಗಿದೆ. 'ಈಗ ಈ ಡಬ್ಬಕ್ಕೆ ತಲೇನೇ ಇಲ್ಲ' ಅಂದೆ. ಅಣ್ಣ ಗಾಬರಿಯಾದ, 'ನಿಂಗೇನ್ ತಲೆ ಕೆಟ್ಟದಾ? ಮೊನ್ನೆ ತಾನೆ ಎಲ್ಲಾ ಕಳ್ಕಂಡ್ ಕೂತಿದ್ದೆ.' ಅತ್ತಿಗೆ ಕೈಗೆ ಫ್ಲಾಪಿ, ಸಿ.ಡಿ., ಫ್ಲಾಪಿಯಲ್ಲಿರೋ ಸಾಲುಗಳನ್ನೇ ಬರೆದ ಒಂದು ಹಾಳೆ ಕೊಟ್ಟೆ. ಅತ್ತಿಗೆ ಸೆರಗಿಗೆ ಕೈ ಒರೆಸ್ಕೊಂಡು ಇಸ್ಕೊಂಡ್ರು. ಬಸ್ಸಲ್ಲಿ ಕೂತ ಮೇಲೆ ನನಗೂ ಭಯ ಇತ್ತು, ನಿನ್ನ ಹತ್ರ ಸುಳ್ಳು ಹೇಳಲ್ಲ. ಒಂದೇ ಪ್ರಯಾಣದಲ್ಲಿ ಗಂಡನೂ ಹೋಗಿ ರೂಮೂ ಹೋದ್ರೆ ನಾನು ಎಲ್ಲಿಗೆ ಹೋಗ್ಲಿ ಅಂತ...

ಮೂರನೇ ದಿನ ಸಂಜೆ ಬಸ್ಸಿಳಿದು ಬಂದಾಗ ಅಣ್ಣ ಜಗಲಿ ಮೇಲೆ ಕೂತಿದ್ದ. ಒಳಗೆ ಪ್ರಿಂಟರ್ ಸದ್ದು. ಅತ್ತಿಗೆ ಒಂದು ನಾಮಕರಣದ ಕಾರ್ಡು ತೆಗೀತಿದ್ರು, ತಿರುಗಿ ಕೂಡ ನೋಡಲಿಲ್ಲ. ಅಣ್ಣನೇ ಶುರು ಮಾಡಿದ. 'ಕರೆಂಟು ಮೂರ್ ಸಲ ಓಯ್ತು ಕಣವ್ವ, ಮಧ್ಯದಲ್ಲೇ. ನಾನು ಮುಗೀತು ಅನ್ಕಂಡೆ. ಇವ್ಳು ಮೂರ್ ಸಲಾನೂ ಮೊದ್ಲಿಂದ ಹಾಕುದ್ಲು. ಎಲ್ಲಿಗ್ ನಿಂತಿತ್ತು ಅಂತ ನೋಡ್ಲೇ ಇಲ್ಲ. ಏನೂ ಆಗ್ಲಿಲ್ವಲ್ಲೇ.' ಅತ್ತಿಗೆ ಒಳಗಿಂದಲೇ ಅಂದ್ರು, 'ಎಲ್ಲಿಗ್ ನಿಂತಿತ್ತು ಅಂತ ನೋಡೋದ್ಯಾಕೆ? ಎಲ್ಲಿರ್ಬೇಕು ಅಂತ ಬರ್ದದೆ.' ಅಪ್ಪ, ನಿನ್ನ ಮಾತು ಆಕೆಗೆ ನಾನು ಹೇಳಿಕೊಟ್ಟಿರಲಿಲ್ಲ. ನಾನು ಕೈಚೀಲ ಕೂಡ ಇಳಿಸದೆ ಹೊಸ್ತಿಲ ಮೇಲೆ ಕೂತು ಅತ್ತೆ. ಕೋರ್ಟಲ್ಲಿ ಅಳದೆ ಇದ್ದವಳು.

ನಿನ್ನ ಸ್ಲೇಟು ಈಗ ಆ ರೂಮಲ್ಲೇ ಇದೆ, ತೂಬಿಂದ ತಂದು ಮಿಷನ್ನಿನ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೀನಿ. ಮಾರನೇ ದಿನ ಬಳಪ ತಗೊಂಡು ಅದರ ಮೇಲೆ ನಾನೇ ಬರೆದೆ. ಮುಂದಿನ ರೂಮು ಜಯಂದಾಗಿರಲಿ. ನೀನು ಬರೀದೇ ಹೋದ ಸಾಲು. ಅಣ್ಣ ಕಾಫಿ ಲೋಟ ಹಿಡ್ಕೊಂಡು ಬಂದು ಓದಿದ. 'ಅಕ್ಷರ ಅಪ್ಪಂದ್ ಇದ್ದಂಗೇ ಅದೆ' ಅಂದು ಹೋದ. ಅಳಿಸ್ಲಿಲ್ಲ. ಗೊಬ್ಬರದವರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತ ಅವನೇ ಹೇಳಿ ಕಳಿಸಿದ್ನಂತೆ. ಅಳಿಸಿದ್ರೂ ನಾನು ಮತ್ತೆ ಬರೀತಿದ್ದೆ. ಅಳಿಸಿದಷ್ಟು ಸಲ ಬರೀತಿದ್ದೆ, ಅದು ಅವನಿಗೂ ಗೊತ್ತು.

ಇನ್ನೊಂದು ಸುದ್ದಿ ಉಳಿದಿದೆ. ಇದು ಕಾಳಣ್ಣನನ್ನ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನೀನು ಹೋದ ದಿನದ್ದು.

ಬೆಳಿಗ್ಗೆ ಎದ್ದವನು ಎದೆ ಹಿಡ್ಕೊಂಡು ಕೂತೆ, ಅಷ್ಟೇ, ಮತ್ತೆ ಏಳಲಿಲ್ಲ. ನಿನ್ನನ್ನ ಅಂಗಳದಲ್ಲಿ ಮಲಗಿಸಿದ್ರು. ಅಣ್ಣ ಗುಂಡಿ ತೋಡಿಸೋಕೆ ತೋಟಕ್ಕೆ ಹೋಗಿದ್ದ, ಕಾಳಣ್ಣ ನಿನ್ನ ಕಾಲ ಹತ್ರ ಕೂತು ಗೊಳೋ ಅಂತಿದ್ದ. ಹೆಂಗಸರ ಮಧ್ಯೆ ಕೂತಿದ್ದ ನನಗೆ ಇದ್ದಕ್ಕಿದ್ದ ಹಾಗೆ ನೆನಪಾಯ್ತು, ಇವತ್ತು ಮಧ್ಯಾಹ್ನದಿಂದ ಕೊಪ್ಪಲ ಸರದಿ. ನಾಲೆಯ ಕೊನೇ ಊರು, ಎರಡು ಸಲ ತಪ್ಪಿಹೋಗಿ ಪೈರು ಹಳದಿಗೆ ತಿರುಗಿತ್ತು, ನೀನು ಹಿಂದಿನ ದಿನ ಊಟ ಮಾಡ್ತಾ ಅದನ್ನೇ ಹೇಳ್ತಿದ್ದೆ. ನೀರು ತರೋಕೆ ಹೋಗೋಳ ಹಾಗೆ ಕೊಡ ಹಿಡ್ಕೊಂಡು ಹಿಂದಿನ ಬಾಗಿಲಿಂದ ಎದ್ದು ಹೋದೆ. ಏರಿ ಮೇಲೆ ಕೊಡ ಇಟ್ಟೆ. ಸ್ಲೇಟಲ್ಲಿ ನಿನ್ನ ಅಕ್ಷರ ಇತ್ತು. ಮಧ್ಯಾಹ್ನದಿಂದ ಊರ ತೂಬು ಮುಚ್ಚಿರಲಿ. ಕೊಪ್ಪಲ ತೂಬು ಎರಡನೇ ಗೆರೆಗಿರಲಿ. ಕಟ್ಟೆ ಹತ್ತಿದೆ. ರಟ್ಟೆ ಹಿಡಿದು ಎಳೆಯೋರು ಯಾರೂ ಇರಲಿಲ್ಲ. ಚಕ್ರ ಬಲು ಬಿಗಿ ಅಪ್ಪ, ಅಂಗೈ ಕಿತ್ತು ಬಂತು. ಎಷ್ಟು ಸುತ್ತು ತಿರುಗಿಸಿದೆನೋ ಎಣಿಸಲಿಲ್ಲ. ಊರ ತೂಬು ಇಳಿಸಿ ಮುಚ್ಚಿದೆ, ಕೊಪ್ಪಲದ್ದು ಗೆರೆಗೆ ತಂದು ನಿಲ್ಲಿಸಿದೆ. ಇಳಿಯೋ ಹೊತ್ತಿಗೆ ಕಾಳಣ್ಣ ಓಡ್ಕೊಂಡು ಬಂದಿದ್ದ, ಅವನಿಗೂ ಆಗ್ಲೇ ನೆನಪಾಗಿರಬೇಕು. ನನ್ನ ನೋಡಿದ, ಗೆರೆ ನೋಡಿದ. 'ಸರಿಯಾಗದೆ ಕಣವ್ವ, ನಡಿ' ಅಂದ.

ಮೂರನೇ ದಿನ ನಿನ್ನ ಹಾಲುತುಪ್ಪಕ್ಕೆ ಕೊಪ್ಪಲಿನವರು ಬಂದಿದ್ರು. ಸಾಯೋ ದಿನಾನೂ ನಮ್ಮ ಸರದಿ ತಪ್ಪಿಸ್ಲಿಲ್ಲ ಪುಣ್ಯಾತ್ಮ ಅಂತ ನಿನ್ನ ಮಣ್ಣಿನ ಗುಡ್ಡೆ ಮುಂದೆ ಕೈ ಮುಗಿದ್ರು. ನಾನು ಸೆರಗಲ್ಲಿ ಅಂಗೈ ಮುಚ್ಕೊಂಡು ನಿಂತಿದ್ದೆ. ಆ ದಿನದ ಪುಣ್ಯ ನಿಂಗೇ ಇರಲಿ, ನಾನು ಕೇಳಲ್ಲ. ಆದ್ರೆ ನಿಂಗಾದ್ರೂ ಗೊತ್ತಿರಲಿ. ಆವತ್ತು ತೂಬು ಎತ್ತಿದ್ದು ನಾನು. ಕೊಪ್ಪಲ ಕೊನೇ ಗದ್ದೆವರೆಗೂ ನೀರು ಹೋಯ್ತು. ಗಂಗಮ್ಮ ಮುನಿಸ್ಕೊಳ್ಲಿಲ್ಲ ಅಪ್ಪ.

ನಿನ್ನ ಮಗಳು,
ಜಯ
ಮುಂದಿನ ರೂಮಿಂದ